ಕೊಟ್ಟಿಗೆಯ ಫಿಯಟ್ ಮಾರುವ ಮುನ್ನ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಾವನವರ 1968ರ ಫಿಯಟ್ 1100 ಕಾರು 2002ರಿಂದ ಅಡಿಕೆ ಕೊಟ್ಟಿಗೆಯಲ್ಲೇ ನಿಂತಿದೆ. ಮಾವ 2011ರಲ್ಲಿ ತೀರಿಕೊಂಡರು. ಗಾಡಿ ಇನ್ನೂ ಅವರ ಹೆಸರಲ್ಲೇ ಇದೆ. ಆರ್‌ಸಿ ಬುಕ್ಕಿನ ಒಂದು ಮೂಲೆ ಇಲಿ ಕಡಿದಿದೆ. ಗುಜರಿಯವರು 30 ಸಾವಿರ ಕೊಡುತ್ತೇವೆ ಅಂತಾರೆ. ಬೆಂಗಳೂರಿನ ಒಬ್ಬರು ಫೋಟೋ ನೋಡಿಯೇ ಒಂದೂವರೆ ಲಕ್ಷ ಅಂದರು, ಈಗಲೇ ಅಡ್ವಾನ್ಸ್ ಹಾಕುತ್ತೇನೆ, ಬುಕ್ಕಿನ ಫೋಟೋ ಕಳಿಸಿ ಅಂತಾರೆ. ಮಗ, ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ, ಪೇಂಟ್ ಹೊಡೆಸಿ ಮಾರೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಈ ವಾರ ಏನೂ ಮಾಡಬೇಡಿ. ಗುಜರಿಯವರಿಗೆ ಹೂಂ ಅನ್ನಬೇಡಿ. ಬೆಂಗಳೂರಿನವರಿಂದ ದುಡ್ಡು ತೆಗೆದುಕೊಳ್ಳಬೇಡಿ. ಮುಖ್ಯವಾಗಿ, ಮಗನಿಗೆ ಬ್ಯಾಟರಿ ಹಾಕಲು ಬಿಡಬೇಡಿ. ಇಪ್ಪತ್ತು ವರ್ಷ ಸುಮ್ಮನೆ ನಿಂತ ಗಾಡಿ ಇನ್ನೊಂದು ತಿಂಗಳು ನಿಂತರೆ ಏನೂ ಆಗಲ್ಲ. ಆದರೆ ಒಂದು ಮಧ್ಯಾಹ್ನದ ಆತುರದಲ್ಲಿ ಅದರ ಅರ್ಧ ಬೆಲೆ ಹೋಗಬಹುದು. ಅಂಥದ್ದನ್ನು ನಾನೇ ಕಂಡಿದ್ದೇನೆ, ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಹತ್ತಿರ ಇರುವುದು ಏನು ಅಂತ ನೋಡೋಣ. 1968ರದ್ದು ಅಂದರೆ ಅದು ಫಿಯಟ್ 1100 ಡಿ ಇರಬೇಕು. ಇಟಲಿಯ ಫಿಯಟ್ ಕಂಪನಿಯ ವಿನ್ಯಾಸ, ತಯಾರಿಸಿದ್ದು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ. 1,089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಇದೇ ಗಾಡಿಗೆ 1974ರಿಂದ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು. ಮುಂದಿನ ಬಾಗಿಲು ಹಿಂದುಮುಂದಾಗಿ, ಅಂದರೆ ಹಿಡಿ ಮುಂದಕ್ಕೂ ಕೀಲು ಹಿಂದಕ್ಕೂ ಇದ್ದರೆ ಮಾತ್ರ ಅದು ಇನ್ನೂ ಹಳೆಯ ಮಾದರಿ. ಆಗ ನನಗೆ ಮತ್ತೆ ಬರೆಯಿರಿ, ಲೆಕ್ಕವೇ ಬೇರೆಯಾಗುತ್ತದೆ.

ಪದ್ಮಿನಿಯ ತಮ್ಮನೋ ಅಣ್ಣನೋ ಆಗಿರುವುದು ನಿಮಗೆ ಅನುಕೂಲ. ಮುಂಬೈನ ಟ್ಯಾಕ್ಸಿಗಳಲ್ಲಿ ಬಹುಪಾಲು ದಶಕಗಟ್ಟಲೆ ಪದ್ಮಿನಿಗಳೇ ಆಗಿದ್ದವು. ಕೊನೆಯದು ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅವುಗಳಿಂದಾಗಿ ಎಂಜಿನ್ ಸಾಮಾನು ಇನ್ನೂ ಸಿಗುತ್ತದೆ. ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ಬ್ರೇಕ್ ಸಿಲಿಂಡರ್ ಇವಕ್ಕೆಲ್ಲ ಕೊಳ್ಳುವವರು ಹೆದರುವುದಿಲ್ಲ. ಅವರು ಹೆದರುವುದು ಎರಡಕ್ಕೆ. ಒಂದು, ತಗಡಿನ ತುಕ್ಕು. ಇನ್ನೊಂದು, ಕಳೆದುಹೋದ ಸಣ್ಣ ಸಣ್ಣ ಸಾಮಾನು. ಮುಂದಿನ ಗ್ರಿಲ್ಲು, ಫಿಯಟ್ ಬಿಲ್ಲೆ, ಗಾಲಿಯ ಹೊಳಪಿನ ಮುಚ್ಚಳ (ವೀಲ್ ಕಪ್), ಹಿಂದಿನ ದೀಪದ ಗಾಜು, ಬಾಗಿಲಿನ ಒಳಹಿಡಿ, ಮೂಲ ಸ್ಟಿಯರಿಂಗ್ ಚಕ್ರ, ಸ್ಪೀಡೋಮೀಟರ್. ಇಂಥವು ಆ ವರ್ಷದ ಗಾಡಿಗೆ ಹೊಂದುವಂತೆ ಸಿಗುವುದು ಬಹಳ ಕಷ್ಟ. ಆದ್ದರಿಂದ ಕೊಟ್ಟಿಗೆ, ಅಟ್ಟ, ನಾಗಂದಿಗೆ ಎಲ್ಲ ಹುಡುಕಿ. ಗಾಲಿಯ ಮುಚ್ಚಳದಲ್ಲಿ ಯಾರೋ ಕೋಳಿಗೆ ನೀರು ಇಟ್ಟಿದ್ದನ್ನು ನಾನು ನೋಡಿದ್ದೇನೆ. ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ ಗಾಡಿಯ ಜೊತೆ ಇಡಿ. ಗುಜರಿಯವರು ಬಂದಾಗ ಬಿಲ್ಲೆ ಮಾತ್ರ ಕೊಡಿ ಅಂತ ಕೇಳುವುದುಂಟು. ಕೊಡಬೇಡಿ.

ಈಗ ತುಕ್ಕಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಲೆನಾಡಿನ ಗಾಡಿ ಕೆಡುವುದೇ ಇಲ್ಲಿ.

ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತ ಗಾಡಿಗೂ ನಮ್ಮ ಕಡೆ ನಿಂತ ಗಾಡಿಗೂ ಅಜಗಜಾಂತರ. ನಮ್ಮಲ್ಲಿ ಮಳೆ ನೇರವಾಗಿ ಬೀಳದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಚಪ್ಪಲಿಗೆ ಬೂಷ್ಟು ಬರುವ ಮನೆಯಲ್ಲಿ ಸೀಟಿಗೆ ಬರದೇ ಇರುತ್ತದೆಯೇ? ನೆಲ ಮಣ್ಣಿನದ್ದಾದರೆ ತೇವ ಕೆಳಗಿಂದ ಏರುತ್ತದೆ. ಹಾಗಾಗಿ ಮೇಲಿಂದ ಗಾಡಿ ಚೆನ್ನಾಗಿ ಕಂಡರೂ ಕೆಳಗೆ ಕೈ ಹಾಕಿದರೆ ತಗಡು ಹಪ್ಪಳದಂತೆ ಮುರಿಯುತ್ತದೆ.

ಫಿಯಟ್‌ಗೆ ಇದು ಹೆಚ್ಚು ಮುಖ್ಯ. ಜೀಪಿನ ಹಾಗೆ ಅದಕ್ಕೆ ಬೇರೆಯಾದ ಚಾಸಿಸ್ ಇಲ್ಲ. ಬಾಡಿಯೇ ಗಾಡಿಯ ಬೆನ್ನೆಲುಬು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಪಟ್ಟಿ ಇದೆಯಲ್ಲ, ಅದು ಹೋಗಿದ್ದರೆ ಗಾಡಿ ನಡುವೆ ಬಗ್ಗುತ್ತದೆ. ಅದನ್ನು ನೋಡಲು ಸುಲಭ ದಾರಿ: ನಾಲ್ಕೂ ಬಾಗಿಲು ನಿಧಾನವಾಗಿ ತೆಗೆದು ಹಾಕಿ. ಬಾಗಿಲು ಎತ್ತಿ ಹಾಕಬೇಕಾದರೆ, ಅಥವಾ ಮೇಲಿನ ಸಂದು ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದು ಇದ್ದರೆ, ಮೈ ಇಳಿದಿದೆ ಅಂತ ಅರ್ಥ. ಆಮೇಲೆ ಕಾಲಡಿಯ ಚಾಪೆ ಎತ್ತಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡಿ. ಮುಂದಿನ ಮಡ್‌ಗಾರ್ಡಿನ ಹಿಂಭಾಗ, ದೀಪದ ಸುತ್ತ, ಹಿಂದಿನ ಪ್ಲೇಟು ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ, ಇವನ್ನೆಲ್ಲ ಟಾರ್ಚ್ ಹಾಕಿ ನೋಡಿ. ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಮೇಲೆ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಹಳೆಯ ಪುಟ್ಟಿ ಇದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಪರೀಕ್ಷೆ ಮಾಡುವ ಕೆಲಸ ಕೊಳ್ಳುವವರಿಗೆ ಬಿಡಿ.

ಇನ್ನೊಂದು ಮಾತು ಕೇಳಬೇಕು. ಆ ಕೊಟ್ಟಿಗೆಯಲ್ಲಿ ಮೈಲುತುತ್ತದ ಚೀಲ ಇಡುತ್ತೀರಾ? ಅಡಿಕೆ ಮನೆಗಳಲ್ಲಿ ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ತಂದು ಇರುವ ಜಾಗದಲ್ಲೇ ಇಡುತ್ತಾರೆ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಮೇಲೆ ತಾಮ್ರ ಕೂರುತ್ತದೆ. ಅದಕ್ಕೇ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸರಿಯಾಗಿದೆಯೇ ಅಂತ ನೋಡಲು ಕತ್ತಿ ಅದ್ದಿ ನೋಡುವುದು, ನಿಮಗೆ ಗೊತ್ತಿರುತ್ತದೆ. ಅದೇ ಕೆಲಸ ಗಾಡಿಯ ಕೆಳಗೂ ನಡೆಯುತ್ತಿರುತ್ತದೆ. ಪಕ್ಕದಲ್ಲೇ ದನ ಕಟ್ಟುತ್ತಿದ್ದರೆ ಗಂಜಲದ ಆವಿಯೂ ಕ್ರೋಮಿಗೆ, ವೈರಿಗೆ ಒಳ್ಳೆಯದಲ್ಲ. ಚೀಲಗಳಿದ್ದರೆ ಇವತ್ತೇ ಬೇರೆ ಕಡೆ ಇಡಿಸಿ. ಗಾಡಿಯ ಮೇಲೆ, ಒಳಗೆ ತುಂಬಿದ ಅಡಿಕೆ ಸಿಪ್ಪೆ, ಹಾಳೆ, ಗೋಣಿ ಎಲ್ಲ ತೆಗೆಸಿ. ಅವು ತೇವ ಹಿಡಿದಿಟ್ಟುಕೊಳ್ಳುತ್ತವೆ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ನೋಡಿ. ಸೀಟಿನ ಕೆಳಗೆ, ಬಾನೆಟ್ ಒಳಗೆ ಹಾವು ಮಲಗಿರುವುದು ನಮ್ಮ ಕಡೆ ಅಪರೂಪವೇನಲ್ಲ.

ಇಷ್ಟರ ಮೇಲೆ ತೊಳೆಯಬೇಡಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಂತೂ ಬೇಡವೇ ಬೇಡ. ಸಡಿಲವಾದ ಬಣ್ಣ ಏಳುತ್ತದೆ, ಪೆಟ್ಟಿಗೆ ಪಟ್ಟಿಯೊಳಗೆ ನೀರು ಸೇರುತ್ತದೆ. ಮೆತ್ತನೆಯ ಪೊರಕೆಯಿಂದ ಧೂಳು ಗುಡಿಸಿದರೆ ಸಾಕು. ಹಳೆ ಗಾಡಿ ಹುಡುಕುವವರು ಧೂಳು ಹಿಡಿದು ನಿಂತ ಗಾಡಿಯನ್ನು ನೋಡಲೆಂದೇ ಬರುತ್ತಾರೆ. ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಆ ಧೂಳೇ ಅವರಿಗೆ ಸಾಕ್ಷಿ.

ಇನ್ನು ಮಗನ ಬ್ಯಾಟರಿ. ಅವನ ಉತ್ಸಾಹ ನನಗೆ ಅರ್ಥವಾಗುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ನಾನೂ ಅದನ್ನೇ ಮಾಡಿದೆ. ಸಾಗರದ ಕಡೆಯ ಒಂದು ಮನೆಯಲ್ಲಿ ಒಂಬತ್ತು ವರ್ಷ ನಿಂತ ಫಿಯಟ್. ಬೇರೆ ಗಾಡಿಯಿಂದ ವೈರ್ ಕೊಟ್ಟು ಸೆಲ್ಫ್ ಹೊಡೆದೆ. ಎರಡು ಸುತ್ತು ತಿರುಗಿತು, ಒಳಗೆ ಟಕ್ ಅಂತ ಶಬ್ದ ಬಂತು. ಬಿಚ್ಚಿ ನೋಡಿದರೆ ವಾಲ್ವ್‌ಗಳು ತಮ್ಮ ಗೈಡಿನಲ್ಲಿ ಅಂಟಿ ನಿಂತಿದ್ದವು. ಕೆಳಗಿಂದ ಕ್ಯಾಮ್ ತಳ್ಳಿದಾಗ ಪುಶ್‌ರಾಡ್ ಅನ್ನುವ ಕಡ್ಡಿ ಬಗ್ಗಿಹೋಗಿತ್ತು. ಒಂದು ಪಿಸ್ಟನ್ನಿನ ರಿಂಗೂ ಮುರಿದು ಸಿಲಿಂಡರ್ ಗೀರಿತ್ತು. ಆ ಮನೆಯ ಯಜಮಾನರು ಒಂದು ಮಾತೂ ಅನ್ನಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಆ ಎಂಜಿನ್ ನಾನು ಮುಟ್ಟದೇ ಇದ್ದಿದ್ದರೆ ನಾಲ್ಕು ದಿನ ಎಣ್ಣೆಯಲ್ಲಿ ನೆನೆದು ಬಿಟ್ಟುಕೊಳ್ಳುತ್ತಿತ್ತು ಅನ್ನುವುದು ನನಗೆ ಈಗಲೂ ನೆನಪಾಗುತ್ತದೆ.

ಮಗನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಇಷ್ಟು ಮಾಡಲಿ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಎರಡು ಮೂರು ಚಮಚ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಹಾಕಲಿ. ಒಂದು ವಾರ ಹಾಗೇ ಬಿಡಲಿ. ಆಮೇಲೆ ಪ್ಲಗ್ ಹಾಕದೇ, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಲಿ. ಬಲ ಹಾಕುವುದು ಬೇಡ. ತಿರುಗಿದರೆ ಒಂದು ಸಣ್ಣ ವೀಡಿಯೋ ತೆಗೆದಿಡಿ. ‘ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗುತ್ತದೆ’ ಅನ್ನುವ ಒಂದು ಮಾತಿಗೆ ಒಳ್ಳೆಯ ಬೆಲೆ ಇದೆ. ತಿರುಗದಿದ್ದರೆ ಅದನ್ನೂ ಹಾಗೇ ಹೇಳಿ, ಬಿಟ್ಟುಬಿಡಿ. ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲ್ ಈಗ ಅಂಟಾಗಿರುತ್ತದೆ. ಅದರಲ್ಲಿ ಎಂಜಿನ್ ಓಡಿಸುವ ಯೋಚನೆಯೇ ಬೇಡ. ಬ್ರೇಕ್ ಎಣ್ಣೆಯೂ ಗಾಳಿಯ ತೇವ ಹೀರಿ ಸಿಲಿಂಡರ್ ಒಳಗೆ ತುಕ್ಕು ಹಿಡಿಸಿರುತ್ತದೆ, ಹಾಗಾಗಿ ಬ್ರೇಕ್ ಇಲ್ಲ ಅಂತಲೇ ತಿಳಿಯಿರಿ.

ರಿಪೇರಿ ಮಾಡಿಸಿ ಮಾರೋಣ ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಬೇಡ. ಟಿಂಕರಿಂಗ್, ಪೇಂಟಿಂಗ್, ಎಂಜಿನ್, ಸೀಟು, ವೈರಿಂಗ್ ಎಲ್ಲ ಸೇರಿ ಶುರು ಮಾಡಿದಾಗಿನ ಅಂದಾಜು ಯಾವತ್ತೂ ನಿಲ್ಲುವುದಿಲ್ಲ. ಕೆಲಸವೂ ತಿಂಗಳಲ್ಲ, ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ನಿಮ್ಮ ಸ್ವಂತ ಆಸೆಗೆ ಇಟ್ಟುಕೊಳ್ಳುವುದಾದರೆ ಅದು ಬೇರೆ, ಆಗ ನಾನೇ ಮಾಡಿಸಿ ಅನ್ನುತ್ತೇನೆ. ಮಾರುವುದಕ್ಕಾದರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಅರ್ಧಂಬರ್ಧ ಮಾಡಿಸುವುದು ಇನ್ನೂ ಕೆಟ್ಟದ್ದು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಹೊಸ ಬಣ್ಣ ಹೊಡೆದ ಗಾಡಿಯನ್ನು ತಿಳಿದವರು ಮುಟ್ಟುವುದಿಲ್ಲ. ಕೆಳಗೆ ಏನು ಮುಚ್ಚಿದ್ದಾರೋ ಅನ್ನುವ ಅನುಮಾನಕ್ಕೇ ಬೆಲೆ ಇಳಿಸುತ್ತಾರೆ. ಕಣ್ಣಿಗೆ ಕಾಣುವ ತುಕ್ಕು ಅವರಿಗೆ ವಾಸಿ.

ಈಗ ಕಾಗದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಇಲಿ ಕಡಿದ ಬುಕ್ಕು ಮತ್ತು ಮಾವನವರ ಹೆಸರು. ಗಾಡಿ ಎಷ್ಟೇ ಚೆನ್ನಾಗಿರಲಿ, ಕಾಗದ ಇಲ್ಲದಿದ್ದರೆ ಅದು ಬಿಡಿಭಾಗದ ರಾಶಿ. ಗಾಡಿ ಹೇಗೇ ಇರಲಿ, ಕಾಗದ ಸರಿ ಇದ್ದರೆ ಅದು ಕಾರು. ನಿಮ್ಮ ಸಮಯ, ದುಡ್ಡು ಏನಾದರೂ ಹಾಕುವುದಿದ್ದರೆ ಇದಕ್ಕೇ ಹಾಕಿ.

ಬುಕ್ಕಿನಲ್ಲಿ ನೋಂದಣಿ ನಂಬರ್, ಚಾಸಿಸ್ ನಂಬರ್, ಎಂಜಿನ್ ನಂಬರ್ ಓದಲು ಬರುತ್ತದೆಯೇ ನೋಡಿ. 1968ರಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಆದ್ದರಿಂದ ಗಾಡಿ ಇಲ್ಲಿಯದೇ ಆದರೆ ನಂಬರ್ ಎಂವೈ ಅಕ್ಷರಗಳಿಂದ ಶುರುವಾಗಿರುತ್ತದೆ. ಆ ಹಳೆಯ ನಂಬರ್ ಪ್ಲೇಟನ್ನು ದಯವಿಟ್ಟು ಕಳೆಯಬೇಡಿ. ಮೂಲ ನಂಬರ್ ಇರುವ ಗಾಡಿ ಅಂದರೆ ಕೊಳ್ಳುವವರಿಗೆ ಬಹಳ ಇಷ್ಟ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯಲ್ಲಿರುವ ಪ್ಲೇಟು, ಒತ್ತಿದ ನಂಬರ್ ನೋಡಿ ಬುಕ್ಕಿನ ಜೊತೆ ತಾಳೆ ಹಾಕಿ. ಎಂಜಿನ್ ನಂಬರ್ ಕೂಡ ನೋಡಿ. ಆ ಕಾಲದಲ್ಲಿ ಪೆಟ್ರೋಲ್ ಉಳಿಸಲು ಎಷ್ಟೋ ಜನ ಡೀಸೆಲ್ ಎಂಜಿನ್ ಕೂರಿಸಿದ್ದರು. ಹಾಗೆ ಬದಲಾಗಿದ್ದು ಬುಕ್ಕಿನಲ್ಲಿ ದಾಖಲಾಗದಿದ್ದರೆ ತೊಂದರೆ ಇದೆ. ತುಕ್ಕು ಇದ್ದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಉಪ್ಪು ಕಾಗದ ಹಾಕಿ ಉಜ್ಜಬೇಡಿ. ನಂಬರ್ ಅಳಿಸಿದರೆ ಗಾಡಿ ಕೆಟ್ಟಂತೆಯೇ.

ಆಮೇಲೆ ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಬೇಕು. ಅಲ್ಲಿ ಕೇಳಬೇಕಾದ್ದು ಬಿ-ಎಕ್ಸ್‌ಟ್ರಾಕ್ಟ್, ಅಂದರೆ ಅವರ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ವಿವರ ಏನಿದೆ ಅನ್ನುವ ನಕಲು. ಹಳೆಯ ಗಾಡಿಗಳ ದಾಖಲೆ ‘ವಾಹನ್’ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಯೇ ಇರುವುದಿಲ್ಲ. ಆಗ ಹಳೆ ರಿಜಿಸ್ಟರ್ ನೋಡಿ ಅದನ್ನು ಕಂಪ್ಯೂಟರಿಗೆ ಸೇರಿಸಬೇಕು, ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಇದಕ್ಕೆ ಓಡಾಟ ಇದೆ, ಆದರೆ ಇದಾದ ಮೇಲೆ ಗಾಡಿಗೆ ಮತ್ತೆ ಜೀವ ಬಂದ ಹಾಗೆ. ಬುಕ್ಕು ಓದಲಾಗದಷ್ಟು ಹರಿದಿದ್ದರೆ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬಹುದು. ಹರಿದದ್ದನ್ನು ಮಾತ್ರ ಎಸೆಯಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ರಸ್ತೆ ತೆರಿಗೆ ಬಾಕಿ ಎಷ್ಟಿದೆ, ಹಳೆಯ ಸಾಲದ ನಮೂದು ಏನಾದರೂ ಉಳಿದಿದೆಯೇ ಅನ್ನುವುದನ್ನೂ ಅಲ್ಲೇ ಕೇಳಿ.

ಹೆಸರಿನ ವಿಷಯ ಮನೆಯೊಳಗಿಂದ ಶುರುವಾಗಬೇಕು. ಮಾವನವರ ಗಾಡಿಗೆ ನಿಮ್ಮ ಯಜಮಾನರೊಬ್ಬರೇ ವಾರಸುದಾರರಲ್ಲ. ಅತ್ತೆ ಇದ್ದರೆ ಅತ್ತೆ, ಮೈದುನಂದಿರು, ನಾದಿನಿಯರು, ಎಲ್ಲರೂ ಸೇರುತ್ತಾರೆ. ಬೆಲೆ ಕುದುರುವ ಮೊದಲೇ ಎಲ್ಲರಿಗೂ ಫೋನ್ ಮಾಡಿ. ಮದುವೆಯಾದ ಹೆಣ್ಣುಮಕ್ಕಳು ತವರಿನ ಆ ಕಾರಿನಲ್ಲೇ ದಿಬ್ಬಣ ಹೋಗಿರುತ್ತಾರೆ, ಅವರಿಗೆ ಸುದ್ದಿ ಮಾರಿದ ಮೇಲೆ ತಿಳಿಯಬಾರದು. ಕಾಗದದ ಮಟ್ಟಿಗೆ ಬೇಕಾದ್ದು ಮಾವನವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಒಬ್ಬರ ಹೆಸರಿಗೆ ಮಾಡಲು ಉಳಿದವರ ಒಪ್ಪಿಗೆಯ ಅಫಿಡವಿಟ್, ಮತ್ತು ನಮೂನೆ 31. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ಈ ಅರ್ಜಿ ಕೊಡಬೇಕು ಅನ್ನುತ್ತದೆ ಕಾನೂನು. ನಿಮಗೆ ತಡವಾಗಿದೆ, ದಂಡ ಬೀಳುತ್ತದೆ. ಹಾಗಂತ ದಾರಿ ಮುಚ್ಚಿಲ್ಲ.

ಇಲ್ಲೊಂದು ಗಂಟಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮ್ಮದು ಯಾವಾಗಲೋ ಮುಗಿದಿದೆ. ನವೀಕರಣಕ್ಕೆ ಗಾಡಿಯನ್ನು ತಂದು ತೋರಿಸಬೇಕು, ಅದು ಓಡಬೇಕು, ಇನ್ಶೂರೆನ್ಸ್ ಇರಬೇಕು. ಓಡುವ ಸ್ಥಿತಿಗೆ ಬಾರದೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಇಲ್ಲ, ಎಫ್‌ಸಿ ಇಲ್ಲದೆ ಹೆಸರು ಬದಲಿಸುವುದು ಕಷ್ಟ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ತಡವಾದದ್ದಕ್ಕೆ ತಿಂಗಳ ಲೆಕ್ಕದ ದಂಡ ಬೇರೆ. ಹಾಗಾಗಿ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಕೊಳ್ಳುವವರು ತಮ್ಮ ಖರ್ಚಿನಲ್ಲಿ ಗಾಡಿ ಸಿದ್ಧ ಮಾಡಿ, ಆಮೇಲೆ ನವೀಕರಣ, ಹೆಸರು ಬದಲಾವಣೆ ಎಲ್ಲ ಮಾಡಿಸಿಕೊಳ್ಳುತ್ತಾರೆ. ಇದರಲ್ಲಿ ತಪ್ಪಿಲ್ಲ. ಆದರೆ ಯಾರು, ಏನು, ಎಷ್ಟು ದಿನದಲ್ಲಿ ಮಾಡಬೇಕು ಅನ್ನುವುದು ಬರಹದಲ್ಲಿ ಇರಬೇಕು.

ನಿಮ್ಮ ಗಾಡಿಗೆ ಇನ್ನೊಂದು ದಾರಿಯೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ಗಾಡಿಗಳಿಗೆ ಇದು ಅನ್ವಯ. ಚಾಸಿಸ್, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಭಾನುವಾರ ಹೆಂಡತಿ ಮಕ್ಕಳ ಜೊತೆ ಸುತ್ತಾಡಬೇಕು ಅನ್ನುವವರಿಗೆ ಸಾಮಾನ್ಯ ನೋಂದಣಿಯೇ ಬೇಕು. ಸಂಗ್ರಹ ಮಾಡುವವರಿಗೆ ವಿಂಟೇಜ್ ಸಾಕು. ಯಾವುದು ಬೇಕು ಅನ್ನುವ ತೀರ್ಮಾನ ಕೊಳ್ಳುವವರದ್ದು, ನೀವು ಯಾವುದನ್ನೂ ಮುಂದಾಗಿ ಮಾಡಿಸಬೇಡಿ. ಜಾಹೀರಾತಿನಲ್ಲಿ ‘1968ರ ಮೂಲ ನೋಂದಣಿ, ಎಂಜಿನ್ ಚಾಸಿಸ್ ನಂಬರ್ ತಾಳೆಯಾಗುತ್ತದೆ’ ಅಂತ ಬರೆದರೆ ತಿಳಿದವರಿಗೆ ಎಲ್ಲ ಅರ್ಥವಾಗುತ್ತದೆ.

ಬೆಲೆ ಎಷ್ಟು? ಗಾಡಿ ನೋಡದೆ ಅಂಕಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಲೆಕ್ಕ ಹಾಕುವ ಬಗೆ ಹೇಳುತ್ತೇನೆ. ಮೊದಲು ತಳ ನೋಡಿ. ಈ ಗಾಡಿ ಸುಮಾರು 900 ಕೆಜಿ ತೂಗುತ್ತದೆ. ಕೆಜಿಗೆ 30 ರೂಪಾಯಿ ಅಂದುಕೊಂಡರೂ 27 ಸಾವಿರ ಆಯಿತು. ಅಂದರೆ ಗುಜರಿಯವರು ನಿಮಗೆ ಹೇಳಿದ್ದು ಹೆಚ್ಚುಕಡಿಮೆ ಕಬ್ಬಿಣದ ಬೆಲೆ. ಗ್ರಿಲ್ಲು, ಗೇರ್‌ಬಾಕ್ಸು, ಗಾಜು, ಬಿಲ್ಲೆ ಬಿಡಿಯಾಗಿ ಮಾರಿದರೆ ಬರುವುದೆಲ್ಲ ಅವರ ಲಾಭ. ಇನ್ನು ಮೇಲಿನ ಕಡೆ: ಪೂರ್ತಿ ಸಿದ್ಧವಾದ ಇದೇ ಮಾದರಿಯ ಗಾಡಿಗೆ ಈಗ ಎಷ್ಟು ಕೇಳುತ್ತಿದ್ದಾರೆ ಅಂತ ಐದಾರು ಜಾಹೀರಾತು ನೋಡಿ. ಕೇಳುವ ಬೆಲೆಗೂ ಕೊಡುವ ಬೆಲೆಗೂ ಅಂತರ ಇರುತ್ತದೆ, ಸ್ವಲ್ಪ ಕಳೆಯಿರಿ. ಅದರಿಂದ ಸಿದ್ಧ ಮಾಡುವ ಖರ್ಚು, ಸಾಗಣೆ, ಕಾಗದದ ಖರ್ಚು ಕಳೆಯಿರಿ. ಸುಮ್ನೆ ಲೆಕ್ಕಕ್ಕೆ, ಸಿದ್ಧವಾದದ್ದು 6 ಲಕ್ಷ, ಖರ್ಚು 4 ಲಕ್ಷ ಅಂದುಕೊಳ್ಳಿ. ಉಳಿದ 2 ಲಕ್ಷದಲ್ಲಿ ಕೊಳ್ಳುವವರು ತಮ್ಮ ಅಪಾಯಕ್ಕೆ ಒಂದು ಪಾಲು ಇಟ್ಟುಕೊಳ್ಳುತ್ತಾರೆ. ಉಳಿದದ್ದು ನಿಮ್ಮದು. ಬಾಡಿ ಗಟ್ಟಿ ಇದ್ದರೆ ಖರ್ಚು ತಗ್ಗುತ್ತದೆ, ನಿಮ್ಮ ಪಾಲು ಏರುತ್ತದೆ. ಪೆಟ್ಟಿಗೆ ಪಟ್ಟಿ ಹೋಗಿದ್ದರೆ ಉಲ್ಟಾ. ಕಾಗದ ಅನುಮಾನ ಅಂದರೆ ಲೆಕ್ಕವೇ ನಿಂತುಹೋಗುತ್ತದೆ. ನಿಮ್ಮ ಅಂಗಳದ ಚಾಲಿ ಅಡಿಕೆಗೆ ಮನೆ ಬಾಗಿಲಿಗೆ ಬಂದ ಮೊದಲ ವ್ಯಾಪಾರಿಯ ರೇಟಿಗೇ ಕೊಡುವುದಿಲ್ಲ, ಅಲ್ವಾ? ಇದಕ್ಕೂ ಕನಿಷ್ಠ ಮೂವರು ಬಂದು ಕಣ್ಣಾರೆ ನೋಡಿ ಬೆಲೆ ಹೇಳಲಿ.

ಬೆಂಗಳೂರಿನವರ ಬಗ್ಗೆ. ಅವರು ಒಳ್ಳೆಯವರೇ ಇರಬಹುದು. ಆದರೆ ನೋಡದೆ ಬೆಲೆ ಹೇಳಿ, ತಕ್ಷಣ ಬುಕ್ಕಿನ ಫೋಟೋ ಕೇಳುವುದು ನನಗೆ ಹಿಡಿಸಲಿಲ್ಲ. ನಿಮ್ಮ ಬುಕ್ಕಿನ ಫೋಟೋ ಇಟ್ಟುಕೊಂಡು ಗಾಡಿ ತನ್ನದೇ ಅಂತ ಇನ್ನೊಬ್ಬರಿಂದ ಅಡ್ವಾನ್ಸ್ ತೆಗೆದುಕೊಳ್ಳುವವರಿದ್ದಾರೆ. ಮೊದಲು ಬಂದು ನೋಡಲಿ, ಬುಕ್ಕನ್ನು ಕೈಯಲ್ಲಿ ಹಿಡಿದು ಓದಲಿ. ದುಡ್ಡು ಹಾಕುತ್ತೇನೆ ಅಂತ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ನಮಗೆ ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ನಿಜವಾದ ಆಸಕ್ತರನ್ನು ಹುಡುಕಲು ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ, ಅಂಥ ಕಡೆ ಸುದ್ದಿ ಮುಟ್ಟಿಸಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಹಳೆಯ ಮೆಕ್ಯಾನಿಕ್‌ಗಳಿಗೂ ಹೇಳಿ. ಫಿಯಟ್ ಕೆಲಸ ಮಾಡಿದ ಕೈಗಳು ಅಲ್ಲಿ ಇನ್ನೂ ಇವೆ, ಯಾರು ಹುಡುಕುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಫೋಟೋ ಬೆಳಗಿನ ಬೆಳಕಿನಲ್ಲಿ, ಗಾಡಿ ಇದ್ದ ಜಾಗದಲ್ಲೇ ತೆಗೆಯಿರಿ. ನಾಲ್ಕು ಮೂಲೆಯಿಂದ, ಒಳಗೆ, ಎಂಜಿನ್, ಡಿಕ್ಕಿ, ನೆಲಕ್ಕೆ ಫೋನ್ ಇಟ್ಟು ಗಾಡಿಯ ಅಡಿ. ತೂತು ಬಿದ್ದ ಜಾಗವನ್ನು ಹತ್ತಿರದಿಂದ ತೋರಿಸಿ. ಇದನ್ನು ಮುಚ್ಚಿಟ್ಟರೆ ಬೆಂಗಳೂರಿನಿಂದ 300 ಕಿಲೋಮೀಟರ್ ಬಂದವರು ಅಂಗಳದಲ್ಲೇ ಸಿಟ್ಟಾಗುತ್ತಾರೆ. ತೋರಿಸಿದರೆ ದುಡ್ಡು ತಂದೇ ಬರುತ್ತಾರೆ.

ಸಮಯವೂ ಮುಖ್ಯ. ಅಡಿಕೆ ಕೊಯ್ಲು ಮುಗಿದು ಕೊಟ್ಟಿಗೆ ಖಾಲಿಯಾದ ಮೇಲೆ, ಶಿವರಾತ್ರಿಯಿಂದ ಮೇ ತಿಂಗಳೊಳಗೆ ಗಾಡಿ ಹೊರಡಬೇಕು. ಮಳೆ ಹಿಡಿದರೆ ನಿಮ್ಮ ಮನೆ ದಾರಿಗೆ ಫ್ಲಾಟ್‌ಬೆಡ್ ಲಾರಿ ಬರುವುದಿಲ್ಲ. ಹೊರಡುವ ಮುಂಚೆ ಟೈರಿಗೆ ಗಾಳಿ ತುಂಬಿ ನೋಡಿ, ನಿಲ್ಲದಿದ್ದರೆ ಯಾವುದಾದರೂ ಹಳೆ ಗಾಲಿ ಹೊಂದಿಸಿ. ಬ್ರೇಕ್ ಹಿಡಿದು ಗಾಲಿ ತಿರುಗದಿದ್ದರೆ ಡ್ರಮ್ಮಿನ ಹೊರಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿಸಿ. ಬಂಪರಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸಬೇಡಿ, ಬಂಪರ್ ಕಿತ್ತು ಬರುತ್ತದೆ. ರಸ್ತೆಯಲ್ಲಿ ಟೋ ಮಾಡಿಕೊಂಡು ಹೋಗುವುದೂ ಬೇಡ. ಬ್ರೇಕೂ ಇಲ್ಲ, ಇನ್ಶೂರೆನ್ಸೂ ಇಲ್ಲ.

ಕೊನೆಗೆ ಕರಾರು ಪತ್ರ. ಹೊಸನಗರ ಕಡೆಯ ನನ್ನ ಪರಿಚಯದವರೊಬ್ಬರು ತಮ್ಮ ಹಳೆಯ ಕಾರನ್ನು ಖಾಲಿ ಫಾರಂಗಳಿಗೆ ಸಹಿ ಹಾಕಿ ಕೊಟ್ಟರು. ಎರಡು ವರ್ಷದ ಮೇಲೆ ಯಾವುದೋ ಊರಿನ ಅಪಘಾತದ ನೋಟಿಸು ಅವರ ಮನೆಗೆ ಬಂತು. ಗಾಡಿ ಮೂರು ಕೈ ದಾಟಿತ್ತು, ಹೆಸರು ಮಾತ್ರ ಅವರದ್ದೇ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಹೆಸರು ಬದಲಾವಣೆಯ ನಮೂನೆ 29, 30 ಯಾವುದಕ್ಕೇ ಸಹಿ ಹಾಕಿದರೂ ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ಪೂರ್ತಿ ತುಂಬಿದ ಮೇಲೆಯೇ ಹಾಕಿ. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರ ಎನ್‌ಒಸಿಯೂ (ನಿರಾಕ್ಷೇಪಣಾ ಪತ್ರ) ಬೇಕು. ಕರಾರಿನಲ್ಲಿ ನಂಬರುಗಳು, ಬೆಲೆ, ‘ಇದ್ದಲ್ಲಿ ಇದ್ದ ಹಾಗೆ’ ಮಾರಾಟ, ಗಾಡಿ ಓಡುವ ಸ್ಥಿತಿಯಲ್ಲಿಲ್ಲ, ನೋಂದಣಿ ಮುಗಿದಿದೆ, ನವೀಕರಣ ಮತ್ತು ಹೆಸರು ಬದಲಾವಣೆ ಕೊಳ್ಳುವವರ ಹೊಣೆ, ವಾರಸುದಾರರು ಬೇಕಾದ ಸಹಿ ಕೊಡುತ್ತಾರೆ, ಇಷ್ಟೂ ಬರಲಿ. ಲಾರಿಗೆ ಏರಿಸಿದ ದಿನ ಮತ್ತು ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಅವರ ಆಧಾರ್ ಪ್ರತಿ ತೆಗೆದುಕೊಳ್ಳಿ. ಕರಾರಿನ ಒಂದು ಪ್ರತಿಯ ಜೊತೆ ಆರ್‌ಟಿಒ ಕಚೇರಿಗೆ ಒಂದು ಪತ್ರ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಪೂರ್ತಿ ದುಡ್ಡು ಬ್ಯಾಂಕಿನಲ್ಲಿ ಕಂಡ ಮೇಲೆಯೇ ಗಾಡಿ ಅಲುಗಲಿ.

ಬೀಗದ ಕೈ ಎಲ್ಲಿದೆ ಅಂತ ನೀವು ಬರೆದಿಲ್ಲ. ಮಾವನವರ ಮೇಜಿನ ಡ್ರಾಯರಿನಲ್ಲಿ, ಹಳೆ ಪೆಟ್ಟಿಗೆಯಲ್ಲಿ ನೋಡಿ. ಅದರ ಜೊತೆಗೇ ಹಳೆಯ ತೆರಿಗೆ ರಸೀದಿ, ಇನ್ಶೂರೆನ್ಸ್ ಕಾಗದ, ಗಾಡಿ ಕೊಂಡ ಬಿಲ್ಲು ಇರುವ ಸಂಭವ ಜಾಸ್ತಿ. ಆ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾದು ಫಿಯಟ್ ತರಬೇಕಿತ್ತು, ಹಾಗೆ ತಂದವರು ಒಂದು ಚೀಟಿಯನ್ನೂ ಎಸೆಯುತ್ತಿರಲಿಲ್ಲ. ಆ ಕಾಗದಗಳೆಲ್ಲ ಸಿಕ್ಕಿದ ಮೇಲೆ, ಬಾಗಿಲ ಕೆಳಗಿನ ಪಟ್ಟಿಯ ಫೋಟೋ ಜೊತೆ ನನಗೆ ಇನ್ನೊಮ್ಮೆ ಬರೆಯಿರಿ.